ನಮ್ಮ ಪಟ್ಟಿಗೆ ಬೋರ್ಡ್ ಬೇಕು

ಹಳಿಯಾಳ ಬಸ್ ಸ್ಟ್ಯಾಂಡ್‌ನಲ್ಲಿ ನಾವ್ಯಾರೂ ಬಸ್ಸಿನ ನಂಬರ್ ಪ್ಲೇಟ್ ನೋಡಿ ಹತ್ತೋದಿಲ್ಲ. ದಾಂಡೇಲಿ, ಜೋಯಿಡಾ, ಮುಂಡಗೋಡ ಅಂತ ಬೋರ್ಡ್ ಓದಿ ಹತ್ತುತ್ತೇವೆ. ಆದರೆ ಜೂನಿಯರ್‌ಗಳಿಗೆ ಅಂತ ನಾವೇ ಸೇರಿ ಮಾಡಿದ ಉಚಿತ ಸಾಫ್ಟ್‌ವೇರ್ ಪಟ್ಟಿಯಲ್ಲಿ ಇರೋದು ಬರೀ ನಂಬರ್ ಪ್ಲೇಟ್: ಫ್ರೀಕ್ಯಾಡ್, ಇಂಕ್‌ಸ್ಕೇಪ್, ಕಿಕ್ಯಾಡ್, ಸೈಲ್ಯಾಬ್. ಹೆಸರು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಉಪಯೋಗ.

ಫಸ್ಟ್ ಇಯರ್‌ನವರಿಗೆ ಗೊತ್ತಿರೋದು ಹೆಸರಲ್ಲ, ಕೆಲಸ. ಫೆಸ್ಟ್‌ಗೆ ಪೋಸ್ಟರ್ ಮಾಡಬೇಕು, ಸರ್ಕ್ಯೂಟ್ ಬೋರ್ಡ್ ಡಿಸೈನ್ ಮಾಡಬೇಕು, ಮ್ಯಾಟ್ರಿಕ್ಸ್ ಲೆಕ್ಕ ಬಿಡಿಸಬೇಕು. ಇಂಕ್‌ಸ್ಕೇಪ್, ಕಿಕ್ಯಾಡ್, ಸೈಲ್ಯಾಬ್ ಇರೋದೇ ಇದಕ್ಕೆ. ಸಿಗದಿದ್ದರೆ ಏನಾಗುತ್ತೆ? ಯಾರದೋ ಪೆನ್‌ಡ್ರೈವ್‌ನಿಂದ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬರುತ್ತೆ, ಜೊತೆಗೆ ವೈರಸ್ಸೂ ಫ್ರೀ.

ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಗಳಿಗೆ ಐದು ಸೂತ್ರ ಕೊಟ್ಟರು. ಓದುಗರ ಸಮಯ ಉಳಿಸಬೇಕು ಅನ್ನೋದು ಅದರಲ್ಲಿ ನಾಲ್ಕನೆಯದು. ಸಾಫ್ಟ್‌ವೇರ್ ಪಟ್ಟಿಗೂ ಅದೇ ಸಾಕು.

ಆದ್ದರಿಂದ ಪಟ್ಟಿಯನ್ನು ಕೆಲಸದ ಪ್ರಕಾರ ಜೋಡಿಸೋಣ. ಪ್ರತಿ ಹೆಸರಿನ ಮುಂದೆ ಕನ್ನಡದಲ್ಲಿ ಒಂದು ಸಾಲಿನ ವಿವರಣೆ ಇರಲಿ. ಡೌನ್‌ಲೋಡ್ ಎಷ್ಟು ಎಂಬಿ, ನೆಟ್ ಇಲ್ಲದೆ ನಡೆಯುತ್ತಾ ಅನ್ನೋದೂ ಇರಲಿ. ರಜೆಗೆ ಜೋಯಿಡಾದ ಕಾಡಿನೊಳಗಿನ ಊರಿಗೆ ಹೋಗುವ ಗೆಳೆಯರಿಗೆ ಅದೇ ಮೊದಲ ಪ್ರಶ್ನೆ.

ಆಮೇಲೆ ಒಬ್ಬ ಜೂನಿಯರ್‌ನ ಕೂರಿಸಿ, "ಪೋಸ್ಟರ್ ಮಾಡೋಕೆ ಏನಿದೆ, ಹುಡುಕು" ಅಂತ ಹೇಳಿ ಸುಮ್ಮನೆ ನೋಡೋಣ. ಮಧ್ಯದಲ್ಲಿ ನಮ್ಮನ್ನು ಕೇಳಬೇಕಾಗಿ ಬಂದರೆ ತಪ್ಪು ಅವರದಲ್ಲ, ಬೋರ್ಡ್ ಬರೆದ ನಮ್ಮದು.