ಎರಡಂಗುಲದ ಸಿಪಾಯಿ

ದಸರೆಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಮೇಲಿನ ಪಟ್ಟದ ಬೊಂಬೆಗಳು ಹಿರಿಯರ ಪಾಲು. ಕೆಳಗಿನ ನೆಲ ಮಕ್ಕಳ ರಾಜ್ಯ. ಮಣ್ಣು ಹರವಿ ರಾಗಿ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಹಸಿರು ಹೊಲ ಸಿದ್ಧ. ಕನ್ನಡಿಯ ಚೂರೊಂದು ಕೆರೆಯಾಗುತ್ತದೆ. ಅದರ ದಡದಲ್ಲಿ ಬಂದೂಕು ಹಿಡಿದ ನಾಲ್ವರು ಸಿಪಾಯಿಗಳು ನಿಲ್ಲುತ್ತಾರೆ. ದೊಡ್ಡವರು ನಿಂತು ನೋಡಿದರೆ ಅದು ಬರಿಯ ಆಟಿಕೆ. ಮಗು ನೆಲಕ್ಕೆ ಕೆನ್ನೆಯೊತ್ತಿ, ಒಂದು ಕಣ್ಣು ಮುಚ್ಚಿ ನೋಡಿದರೆ ಅದೇ ಊರು, ಅದೇ ಕೆರೆ, ಅದೇ ದಂಡು. ಆಟಿಕೆಯ ಸಿಪಾಯಿಗಳನ್ನು ನಿಲ್ಲಿಸಿ ಹಳೆಯ ಯುದ್ಧಗಳ ಛಾಯಾಚಿತ್ರ ತೆಗೆಯುವ ಹವ್ಯಾಸವೊಂದು ಹೊರದೇಶಗಳಲ್ಲಿ ಬೆಳೆದುಬಂದಿದೆ. ಅದರ ಮೊದಲ ಪಾಠವನ್ನು ಈ ಮಗು ಗುರುವಿಲ್ಲದೆಯೇ ಕಲಿತಿರುತ್ತದೆ: ನೋಡುವವನು ಸಿಪಾಯಿಯ ಎತ್ತರಕ್ಕೆ ಇಳಿಯಬೇಕು.

ಈ ಸಿಪಾಯಿಗಳ ಹುಟ್ಟೂರುಗಳಲ್ಲಿ ಲಂಡನ್ ಮುಖ್ಯವಾದುದು. 1893ರಲ್ಲಿ ಅಲ್ಲಿಯ ವಿಲಿಯಂ ಬ್ರಿಟನ್ ಎಂಬಾತ ಹೊಸದೊಂದು ಎರಕದ ಉಪಾಯವನ್ನು ಬಳಕೆಗೆ ತಂದನು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಹೊರಮೈ ಗಟ್ಟಿಯಾದೊಡನೆ ಒಳಗಿನ ದ್ರವವನ್ನು ಹೊರಕ್ಕೆ ಬಗ್ಗಿಸಿಬಿಡುವುದು. ಬೊಂಬೆ ಟೊಳ್ಳಾಯಿತು, ಹಗುರವಾಯಿತು, ಅಗ್ಗವಾಯಿತು. ಆಗ ಆಂಗ್ಲ ಸಾಮ್ರಾಜ್ಯದ ಮಧ್ಯಾಹ್ನಕಾಲ. ಬಂಗಾಳ, ಮದರಾಸುಗಳ ದಳಗಳು, ಲಂಗ ತೊಟ್ಟ ಸ್ಕಾಟ್ಲೆಂಡಿನ ಯೋಧರು, ಈಟಿ ಹಿಡಿದ ಜೂಲುಗಳು, ಎಲ್ಲರೂ ರಟ್ಟಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿ ಮಕ್ಕಳ ಮನೆ ಸೇರಿದರು. ಇಂಥ ಬೊಂಬೆಗಳಿಂದ ಆಡಿದ ಯುದ್ಧದಾಟದ ನಿಯಮಗಳನ್ನು ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಪುಸ್ತಕವಾಗಿ ಬರೆದು, ತನ್ನ ಆಟದ ರಣರಂಗದ ಛಾಯಾಚಿತ್ರಗಳನ್ನೂ ಅದರಲ್ಲಿ ಅಚ್ಚು ಹಾಕಿಸಿದನು. ನಿಜವಾದ ಯುದ್ಧ ಎಷ್ಟು ಮೂರ್ಖತನದ್ದೆಂಬುದನ್ನು ಅರಿಯಲು ಈ ಆಟವೇ ಸಾಕೆಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧ ಹೊತ್ತಿಕೊಂಡಿತು.

ಈ ಹವ್ಯಾಸಕ್ಕೆ ಬೇಕಾದ ಸಾಮಗ್ರಿ ಹೆಚ್ಚೇನಲ್ಲ; ಬೇಕಾದುದು ತಾಳ್ಮೆ. ಸಿಪಾಯಿಯ ಎತ್ತರ 54 ಮಿಲಿಮೀಟರು, ಎಂದರೆ ಎರಡಂಗುಲಕ್ಕೆ ತುಸು ಮಿಗಿಲು. ಮನುಷ್ಯನನ್ನು ಸುಮಾರು ಮೂವತ್ತೆರಡರಲ್ಲೊಂದು ಪಾಲಿಗೆ ಕುಗ್ಗಿಸಿದಂತೆ. ಆದುದರಿಂದ ನೆಲವೂ ಅದೇ ಅಳತೆಗೆ ಕುಗ್ಗಬೇಕು. ಅಂಗಳದ ಮರಳು ಇಲ್ಲಿ ಜಲ್ಲಿಕಲ್ಲಿನಂತೆ ಕಾಣುವುದರಿಂದ ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ಒಣಗಿದ ಚಹದ ಚರಟ ತರಗೆಲೆಯಾಗುತ್ತದೆ, ಪಾಚಿ ಪೊದೆಯಾಗುತ್ತದೆ. ಆಕಾಶಕ್ಕೆಂದು ನೀಲಿಬೂದು ಬಣ್ಣದ ಹಾಳೆಯೊಂದನ್ನು ಒಂದೆರಡು ಮೊಳ ಹಿಂದಕ್ಕೆ ನಿಲ್ಲಿಸುತ್ತಾರೆ. ಸೂರ್ಯನೊಬ್ಬನೇ ಆದುದರಿಂದ ದೀಪವೂ ಒಂದೇ ಇರಬೇಕು; ಎರಡು ನೆರಳು ಬಿದ್ದರೆ ಗುಟ್ಟು ರಟ್ಟಾಯಿತು. ಹತ್ತಿರದ ವಸ್ತುವಿಗೆ ಮಸೂರವನ್ನು ಹೊಂದಿಸಿದಾಗ ಹಿಂದಿನದೆಲ್ಲ ಮಸುಕಾಗುತ್ತದೆ. ಇದನ್ನು ತಡೆಯಲು ಕ್ಯಾಮೆರಾದ ಕಿಂಡಿಯನ್ನು ಕಿರಿದುಗೊಳಿಸಿ, ಮೂರುಕಾಲಿನ ಸ್ಟ್ಯಾಂಡಿನ ಮೇಲಿಟ್ಟು, ಬೆಳಕು ಬೀಳುವ ಅವಧಿಯನ್ನು ಹೆಚ್ಚಿಸುವುದುಂಟು. ಅಮೆರಿಕದ ಡೇವಿಡ್ ಲೆವಿಂಥಾಲ್ ಮಾತ್ರ ಆ ಮಸುಕನ್ನೇ ಬೇಕೆಂದು ಉಳಿಸಿಕೊಂಡು, ಜರ್ಮನರ ರಷ್ಯಾ ದಂಡಯಾತ್ರೆಯನ್ನು ಆಟಿಕೆಗಳಿಂದ ಚಿತ್ರಿಸಿ, ಗ್ಯಾರಿ ಟ್ರೂಡೋ ಜೊತೆಗೂಡಿ 1977ರಲ್ಲಿ ಪುಸ್ತಕವನ್ನು ಹೊರತಂದನು. ಹಳೆಯ ಬೊಂಬೆಗಳನ್ನು ಮುಟ್ಟಿದ ಮೇಲೆ ಕೈ ತೊಳೆಯುವುದೂ, ಅವನ್ನು ಎಳೆಯ ಮಕ್ಕಳ ಬಾಯಿಗೆ ಎಟುಕದಂತೆ ಇಡುವುದೂ ಅಗತ್ಯ, ಸೀಸ ವಿಷ. 1966ರಲ್ಲಿ ಬ್ರಿಟನ್ ಸಂಸ್ಥೆಯ ಸೀಸದ ಬೊಂಬೆಗಳ ತಯಾರಿಕೆ ನಿಂತುದು ಆ ಕಾರಣದಿಂದಲೇ.

ಬೊಂಬೆಯ ಚಿತ್ರ ಕೇವಲ ಸುಳ್ಳಲ್ಲವೇ ಎಂದು ಯಾರಾದರೂ ಕೇಳಿಯಾರು. ಆದರೆ ನಿಜವಾದ ಯುದ್ಧದ ಚಿತ್ರಗಳ ಚರಿತ್ರೆಯೂ ಅಷ್ಟೇನೂ ನಿರ್ಮಲವಲ್ಲ. 1855ರಲ್ಲಿ ಕ್ರಿಮಿಯಾ ಯುದ್ಧಭೂಮಿಯ ಒಂದು ಕಣಿವೆಯನ್ನು ರೋಜರ್ ಫೆಂಟನ್ ಒಂದೇ ಸ್ಥಳದಿಂದ ಎರಡು ಬಾರಿ ಚಿತ್ರಿಸಿದನು. ಒಂದರಲ್ಲಿ ರಸ್ತೆ ಬರಿದು. ಇನ್ನೊಂದರಲ್ಲಿ ರಸ್ತೆಯ ತುಂಬ ಫಿರಂಗಿಯ ಗುಂಡುಗಳು. 1898ರಲ್ಲಿ ಕ್ಯೂಬಾದ ವಿಚಾರವಾಗಿ ಸ್ಪೇನೂ ಅಮೆರಿಕವೂ ಕಾದಿದಾಗ, ಸಾಂಟಿಯಾಗೋ ನೌಕಾಯುದ್ಧದ ಚಲನಚಿತ್ರವನ್ನು ಹಡಗುಗಳ ಚಿತ್ರಪಟಗಳನ್ನು ಕತ್ತರಿಸಿ ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ಚುಟ್ಟದ ಹೊಗೆಯೂದಿ ತೆಗೆದುದಾಗಿ ಅದರ ನಿರ್ಮಾಪಕರಲ್ಲೊಬ್ಬನಾದ ಆಲ್ಬರ್ಟ್ ಸ್ಮಿತ್ ಅನಂತರ ಹೇಳಿಕೊಂಡನು. ಅದನ್ನು ಜನ ನಿಜವೆಂದು ನೋಡಿದರು. ಆಟಿಕೆಯ ಚಿತ್ರಕ್ಕಾದರೋ ತಾನು ಆಟಿಕೆಯೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯಿದೆ. ಅದರ ಸತ್ಯಾಸತ್ಯ ನಿಂತಿರುವುದು ಬೇರೆಡೆ, ಅಳತೆಯಲ್ಲಿ ಮತ್ತು ಆಯ್ಕೆಯಲ್ಲಿ.

ಅಳತೆಯ ಮಾತಿಗೆ ದಕ್ಷಿಣ ಆಫ್ರಿಕದ ಸ್ಪಿಯನ್ ಕಾಪ್ ಬೆಟ್ಟವೇ ಸಾಕ್ಷಿ. ಆಂಗ್ಲರಿಗೂ ಬೋಯರರಿಗೂ ನಡೆದ ಯುದ್ಧದಲ್ಲಿ, ಲೇಡಿಸ್ಮಿತ್ ಪಟ್ಟಣದ ಮುತ್ತಿಗೆಯನ್ನು ಬಿಡಿಸಲೆಂದು 1900ರ ಜನವರಿ 23ರ ರಾತ್ರಿ ಆಂಗ್ಲ ಸೇನೆ ಈ ಬೆಟ್ಟವನ್ನೇರಿತು. ದಟ್ಟವಾದ ಮಂಜು, ಅಡಿಯಲ್ಲಿ ಬಂಡೆ. ತೋಡಲಾದುದು ಸುಮಾರು 40 ಸೆಂಟಿಮೀಟರು ಆಳದ ಕಂದಕ ಮಾತ್ರ. ಬೆಳಗ್ಗೆ ಮಂಜು ಸರಿದಾಗ ನೋಡುತ್ತಾರೆ, ಸುತ್ತಣ ಎತ್ತರಗಳಲ್ಲಿ ಬೋಯರರ ಬಂದೂಕುಗಳು! ಸಂಜೆಯೊಳಗೆ ಇನ್ನೂರಕ್ಕೂ ಹೆಚ್ಚು ಆಂಗ್ಲ ಸೈನಿಕರು ಮಡಿದರು. ತೋಡಿದ ಕಂದಕವೇ ಅನೇಕರಿಗೆ ಗೋರಿಯಾಯಿತು.

ಇದನ್ನು ಮೇಜಿನ ಮೇಲೆ ರಚಿಸಹೊರಟವನು 40ನ್ನು 32ರಿಂದ ಭಾಗಿಸಬೇಕು. ಬರುವುದು ಒಂದೂಕಾಲು ಸೆಂಟಿಮೀಟರು. ಬೆರಳಿನ ಅಗಲಕ್ಕಿಂತ ಹೆಚ್ಚಲ್ಲ. ಅದರಲ್ಲಿ ಸಿಪಾಯಿಯನ್ನು ನಿಲ್ಲಿಸಿದರೆ ಮೊಣಕಾಲೂ ಮುಚ್ಚುವುದಿಲ್ಲ. ಪುಸ್ತಕದಲ್ಲಿ ‘ಆಳವಿಲ್ಲದ ಕಂದಕ’ ಎಂದು ಓದಿ ಪುಟ ಮಗುಚಿದವನಿಗೆ ಹೊಳೆಯದ ಸಂಗತಿ, ಬೊಂಬೆಯನ್ನಿಟ್ಟ ಬೆರಳುಗಳಿಗೆ ತಾನಾಗಿ ತಿಳಿಯುತ್ತದೆ. ಮುಂದೆ ಊದುಬತ್ತಿಯ ಹೊಗೆ ಹರಡಿ, ಆಂಗ್ಲ ಸಿಪಾಯಿಯ ಬೆನ್ನ ಹಿಂದಿನಿಂದ ಒಂದು ಚಿತ್ರ ತೆಗೆದರೆ ಅಲ್ಲಿ ಎಲ್ಲವೂ ಕ್ಷೇಮವೆಂಬಂತೆ ತೋರುತ್ತದೆ. ಹೊಗೆ ಆರಿದ ಮೇಲೆ ಕ್ಯಾಮೆರಾವನ್ನು ಬೋಯರನ ದಿಬ್ಬಕ್ಕೆ ಸಾಗಿಸಿ ಇನ್ನೊಂದನ್ನು ತೆಗೆದರೆ ಅವೇ ಸಿಪಾಯಿಗಳು ತಲೆಯಿಂದ ಮೊಣಕಾಲಿನವರೆಗೆ ಗುರಿಯ ಹಲಗೆಗಳಂತೆ ನಿಂತಿರುತ್ತಾರೆ. ಆ ದಿನದ ದುರಂತಕ್ಕೆ ಈ ಎರಡು ಚಿತ್ರಗಳೇ ವ್ಯಾಖ್ಯಾನ.

ಇನ್ನು ಆಯ್ಕೆಯ ಮಾತು. ಅದೇ ಬೆಟ್ಟದಿಂದ ಗಾಯಾಳುಗಳನ್ನು ಹೊತ್ತು ತಂದವರಲ್ಲಿ ನೇಟಾಲಿನ ಭಾರತೀಯರಿದ್ದರು. ಗಾಂಧೀಜಿ ಕಟ್ಟಿದ ಆ ಶುಶ್ರೂಷಾದಳದಲ್ಲಿ ಸುಮಾರು 1,100 ಜನ. ಹೆಚ್ಚಿನವರು ಕರಾರಿನ ಕೂಲಿಗಳಾಗಿ ಕಡಲು ದಾಟಿ ಹೋದ ಬಡವರು. ಗುಂಡು ಬೀಳುವ ಎಲ್ಲೆಯ ಹೊರಗೆ ಕೆಲಸ ಮಾಡಿದರೆ ಸಾಕೆಂಬುದು ಮೊದಲಿನ ಒಪ್ಪಂದ. ಸ್ಪಿಯನ್ ಕಾಪ್‌ನಲ್ಲಿ ಆ ಎಲ್ಲೆಯನ್ನು ದಾಟಿ ಒಳಗೆ ನಡೆದರು. ಡೋಲಿ ಹೊತ್ತು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮೈಲಿ ನಡೆದುದೂ ಉಂಟು. ಆ ಯುದ್ಧದ ಬೊಂಬೆಗಳ ಪೆಟ್ಟಿಗೆಯಲ್ಲಿ ಅವರನ್ನು ಹುಡುಕುವುದು ವ್ಯರ್ಥ. ಹಡಗಿನಿಂದ ಇಳಿಸಿ ಗಾಲಿ ಕಟ್ಟಿದ ದೊಡ್ಡ ಫಿರಂಗಿ ಅಲ್ಲಿತ್ತು, ಗುಂಡು ಹಾರಿಸುವ ಸ್ಪ್ರಿಂಗಿನ ಸಮೇತ; ಫಿರಂಗಿಯ ಪೆಟ್ಟು ತಿಂದವನನ್ನು ಹೊತ್ತ ಕೂಲಿ ಇರಲಿಲ್ಲ. 1902ರಲ್ಲಿ ಮುಗಿದ ಆ ಯುದ್ಧದ ನಿರ್ಬಂಧ ಶಿಬಿರಗಳಲ್ಲಿ ಸತ್ತ 26,000ಕ್ಕೂ ಹೆಚ್ಚು ಬೋಯರ್ ಹೆಂಗಸರು ಮಕ್ಕಳಾಗಲಿ, ಬೇರೆ ಶಿಬಿರಗಳಲ್ಲಿ ಸತ್ತ ಸಾವಿರಾರು ಕರಿಯ ಜನರಾಗಲಿ ಅಲ್ಲಿರಲಿಲ್ಲ. ಆಟದ ಪೆಟ್ಟಿಗೆಯಲ್ಲಿ ಅವರಿರಬೇಕೆಂದು ಯಾರೂ ಹೇಳರು. ಆದರೆ ಪೆಟ್ಟಿಗೆಯಲ್ಲಿದ್ದಷ್ಟೇ ಚರಿತ್ರೆಯೆಂದು ಬಗೆದು ಚಿತ್ರ ತೆಗೆದರೆ, ಅಂಗಡಿಯವನು ಮಾರಿದ್ದನ್ನೇ ಕ್ಯಾಮೆರಾ ಮತ್ತೊಮ್ಮೆ ಮಾರಿದಂತಾಗುತ್ತದೆ.

ಕೈಚಳಕವುಳ್ಳ ಹವ್ಯಾಸಿ ಮುರಿದ ಬೊಂಬೆಯೊಂದರ ಕೈಯಿಂದ ಬಂದೂಕನ್ನು ಕತ್ತರಿಸಿ, ಎರಡು ಕಡ್ಡಿ ಮತ್ತು ಬಟ್ಟೆಯ ತುಂಡಿನಿಂದ ಡೋಲಿ ಮಾಡಿ, ತೋಳಿಗೆ ಕೆಂಪು ಶಿಲುಬೆಯ ಗುರುತು ಬರೆಯಬಲ್ಲನು. ಒಂದು ಸಂಜೆಯ ಕೆಲಸ. ಅನಂತರ ಬೆಟ್ಟವನ್ನೂ ಫಿರಂಗಿಯನ್ನೂ ಮಸುಕಿಗೆ ಬಿಟ್ಟು, ಇಳಿದು ಬರುತ್ತಿರುವ ಆ ನಾಲ್ವರ ಮೇಲೆ ಮಸೂರವನ್ನು ನಿಲ್ಲಿಸಿದರೆ, ಹಳೆಯ ಯುದ್ಧದ ಹೊಸದೊಂದು ಚಿತ್ರ ದೊರೆಯುತ್ತದೆ.

ಮುಂದಿನ ದಸರೆಗೆ ರಾಗಿಯ ಹೊಲದ ಅಂಚಿನಲ್ಲಿ ಸಿಪಾಯಿಯೊಬ್ಬನನ್ನು ಮಗು ಉರುಳಿಸಿದಾಗ ತಾಯಿ ಒಂದು ಮಾತು ಕೇಳಬಹುದು: “ಇವನನ್ನು ಮನೆಗೆ ಹೊತ್ತು ತರುವವರು ಯಾರಪ್ಪ?” ಮಗು ಕ್ಷಣಕಾಲ ಯೋಚಿಸಿ, ಮೆಟ್ಟಿಲ ಮೇಲಿನಿಂದ ಇಬ್ಬರನ್ನು ಇಳಿಸಿ ತಂದೀತು.