ಹಾಡುತ್ತಾ ಬಂದ ತಿಂಡಿಗಳು

ತಿಂಡಿಗಳಿಗೇ ಕೈಕಾಲು ಮೂಡಿ, ನಡೆದು ಬಂದು ನಮ್ಮನ್ನು ಕರೆದರೆ ಹೇಗಿದ್ದೀತು? 1957ರ ಸುಮಾರಿಗೆ ಅಮೆರಿಕದ ಸಿನಿಮಾ ಮಂದಿರಗಳಲ್ಲಿ ಹಾಗೆಯೇ ಆಯಿತು. ಷಿಕಾಗೋದ ಫಿಲ್ಮ್ಯಾಕ್ ಸಂಸ್ಥೆಗಾಗಿ ಡೇವ್ ಫ್ಲೈಷರ್ ನಿರ್ದೇಶಿಸಿದ ಪುಟ್ಟ ಕಾರ್ಟೂನಿನಲ್ಲಿ ಪಾಪ್‌ಕಾರ್ನ್, ತಂಪು ಪಾನೀಯ, ಮಿಠಾಯಿಗಳು ಸಾಲಾಗಿ ಹಾಡುತ್ತಾ ಪ್ರೇಕ್ಷಕರನ್ನು ತಿಂಡಿ ಅಂಗಡಿಗೆ ಕರೆಯುತ್ತವೆ. 2000ದಲ್ಲಿ ಅದು ಅಲ್ಲಿನ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಸೇರಿತು.

ಟಿಕೆಟಿನ ಹಣದಲ್ಲಿ ದೊಡ್ಡ ಪಾಲು ಚಿತ್ರ ಹಂಚುವವರಿಗೆ. ತಿಂಡಿಯ ಲಾಭ ಮಂದಿರಕ್ಕೆ. ಹಾಡಿನ ಹಿಂದಿದ್ದ ಲೆಕ್ಕ ಇದು.

ಇಂದು ಅಂಥ ಕರೆ ಮೊಬೈಲಿನ ಮೂಲಕ ನಮ್ಮ ಮಕ್ಕಳ ಕೈಗೇ ಬಂದಿದೆ. ಗದರಿಸಿದರೆ ಹಟ ಹೆಚ್ಚೀತು. ಪಕ್ಕದಲ್ಲಿ ಕುಳಿತು, 'ಇದು ಯಾರ ಲಾಭಕ್ಕೆ ಹಾಡುತ್ತಿದೆ, ಮಗೂ?' ಎಂದು ಕೇಳೋಣ. ಹಾಡನ್ನು ಮೆಚ್ಚೋಣ, ಜೇಬಿಗೆ ಕೈ ಹಾಕುವ ಮುನ್ನ ಯೋಚಿಸೋಣ.