ಜೇಡಕ್ಕೊಂದು ಮನೆ

ಅಮೆರಿಕದಲ್ಲಿರುವ ಭಕ್ತ ಕುಟುಂಬವೊಂದರ ಬಾಲಕನು ಟರಾಂಟುಲ ಜಾತಿಯ, ಮೆಕ್ಸಿಕೋ ಮೂಲದ ಕೆಂಪು ಮೊಣಕಾಲಿನ ಜೇಡವನ್ನು ಸಾಕಬಯಸಿದ್ದಾನೆ. ಅದರ ಗೂಡು ಹೇಗಿರಬೇಕೆಂದು ತಾಯಿಯವರು ಕೇಳಿದ್ದಾರೆ.

ಈ ಜೀವಿಯು ಬಿಲವಾಸಿ. ಗಾಜಿನ ಪೆಟ್ಟಿಗೆಯಲ್ಲಿ ಅದು ತೋಡಿಕೊಳ್ಳುವಷ್ಟು ಆಳಕ್ಕೆ ಮಣ್ಣು ತುಂಬಬೇಕು. ಮಣ್ಣಿನಿಂದ ಮುಚ್ಚಳಕ್ಕೆ ಹೆಚ್ಚು ಎತ್ತರವಿರಬಾರದು. ಬಿದ್ದರೆ ಅದರ ಮೃದುವಾದ ಉದರವು ಒಡೆದು ಸಾಯುವುದುಂಟು. ಅಡಗಲು ತೊಗಟೆ, ನೀರಿನ ಬಟ್ಟಲು, ಗಾಳಿಗೆ ಕಿಂಡಿ, ಭದ್ರವಾದ ಮುಚ್ಚಳ ಅವಶ್ಯ. ಒಂದು ಗೂಡಿಗೆ ಒಂದೇ ಜೇಡ. ಎರಡಿದ್ದರೆ ಒಂದನ್ನೊಂದು ತಿನ್ನಬಹುದು. ಪೊರೆ ಕಳಚುವಾಗ ಮುಟ್ಟಲಾಗದು.

ಆದರೆ ಅದರ ಆಹಾರ ಜೀವಂತ ಕೀಟಗಳು. ಹೆಣ್ಣು ಜೇಡವು 20 ವರ್ಷಕ್ಕೂ ಮಿಗಿಲಾಗಿ ಬಾಳಬಲ್ಲದು. ಅಷ್ಟು ಕಾಲ ಆ ಆಹಾರವನ್ನು ನೀಡಲು ಮನಸ್ಸೊಪ್ಪದ ಸಸ್ಯಾಹಾರಿ ಮನೆಯವರು ಅದನ್ನು ತರದಿರುವುದೇ ಲೇಸು. ತಂದ ಮೇಲೆ ಹಸಿವಿನಲ್ಲಿಡುವುದು ದಯೆಯಲ್ಲ.